ಹಿಂದಿರುಗದ ತಟ್ಟೆ

ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ ಸಭೆಯಲ್ಲಿಯೂ ಮನೆಗಳಲ್ಲಿಯೂ ಓದತಕ್ಕ ಪಾಠ

ವೇದಭಾಗಗಳು: ನೆಹೆಮೀಯ 8:9-12, ಲೂಕ 14:12-14



ಭತ್ತದ ಕೊಯ್ಲು ಮುಗಿದು ಕಣದ ಕೆಲಸ ನಡೆಯುವ ಈ ದಿವಸಗಳಲ್ಲಿ ನಮ್ಮ ಹಳ್ಳಿಗಳ ಕ್ರೈಸ್ತ ಮನೆಗಳಲ್ಲಿ ಹಬ್ಬದ ಸಿದ್ಧತೆಯು ಆರಂಭವಾಗುವದು. ಗೋಡೆಗೆ ಸುಣ್ಣ ಬಳಿಯುವರು. ಮಕ್ಕಳಿಗೆ ಬಟ್ಟೆ ಹೊಲಿಸುವರು. ಶಿವಮೊಗ್ಗದ ಗಾಂಧಿಬಜಾರಿಗೆ ಹೋಗಿ ರವೆ, ಮೈದಾ, ಸಕ್ಕರೆ, ಕೊಬ್ಬರಿಗಳನ್ನು ತರುವರು. ಕರ್ಜಿಕಾಯಿ, ಚಕ್ಕುಲಿ, ರವೆಉಂಡೆಗಳು ಡಬ್ಬಿಗಳಲ್ಲಿ ತುಂಬುವವು. ಹಬ್ಬದ ದಿನ ಅವುಗಳನ್ನು ತಟ್ಟೆಗಳಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ಮನೆಮನೆಗೆ ಕಳುಹಿಸುವದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಒಳ್ಳೆಯ ರೂಢಿ. ಈ ತಿಂಗಳಿನ ಪಾಠದಲ್ಲಿ ನಾವು ಆ ತಟ್ಟೆಯನ್ನೇ ವಿಚಾರಿಸೋಣ. ಅದು ಯಾವ ಮನೆಗೆ ಹೋಗುತ್ತದೆ? ಯಾವ ಮನೆಗೆ ಹೋಗುವದಿಲ್ಲ? ಹೋದ ತಟ್ಟೆಯು ಹಿಂದಿರುಗಿ ಬರುವಾಗ ಅದರಲ್ಲಿ ಏನಿರಬೇಕೆಂದು ನಾವು ಎದುರುನೋಡುತ್ತೇವೆ?

1. ವೇದಭಾಗವು ತಿಳಿಸುವದೇನು?

ಸೆರೆಯಿಂದ ಹಿಂದಿರುಗಿದ ಜನರು ಏಳನೆಯ ತಿಂಗಳಿನ ಮೊದಲನೆಯ ದಿನದಲ್ಲಿ ಯೆರೂಸಲೇಮಿನ ನೀರುಬಾಗಿಲಿನ ಮುಂದಣ ಬಯಲಿನಲ್ಲಿ ಕೂಡಿದರು. ಶಾಸ್ತ್ರಿಯಾದ ಎಜ್ರನು ಬೆಳಗಿನಿಂದ ಮಧ್ಯಾಹ್ನದ ವರೆಗೂ ಅವರಿಗೆ ಧರ್ಮಶಾಸ್ತ್ರವನ್ನು ಓದಿ ಹೇಳಿದನು. ಅದನ್ನು ಕೇಳಿ ಜನರು ತಮ್ಮ ತಪ್ಪುಗಳನ್ನು ನೆನಸಿ ಅಳುವದಕ್ಕೆ ತೊಡಗಿದರು. ಆಗ ಅವರಿಗೆ ಮೂರು ಮಾತುಗಳು ಹೇಳಲ್ಪಟ್ಟವು: ಇದು ದೇವರ ಪರಿಶುದ್ಧ ದಿನವಾದ ಕಾರಣ ಅಳಬೇಡಿರಿ, ಹೋಗಿ ಹಬ್ಬದ ಊಟವನ್ನು ಮಾಡಿರಿ, ತಮಗೋಸ್ಕರ ಏನೂ ಸಿದ್ಧಮಾಡಿಕೊಳ್ಳಲಾರದವರಿಗೆ ಪಾಲು ಕಳುಹಿಸಿರಿ. ಜನರು ಹಾಗೆಯೇ ಮಾಡಿದರೆಂದು ಹನ್ನೆರಡನೆಯ ವಚನದಿಂದ ತಿಳಿಯುವದು.

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಒಂದನೆಯದು, ಕಳುಹಿಸುವ ಕೆಲಸವು ಹಬ್ಬ ಮುಗಿದ ಮೇಲೆ ಮಿಕ್ಕದ್ದನ್ನು ಏನು ಮಾಡುವದೆಂದು ಯೋಚಿಸಿ ಮಾಡಿದ ಕೆಲಸವಲ್ಲ. ಊಟಮಾಡಿರಿ ಎಂಬ ಮಾತೂ ಕಳುಹಿಸಿರಿ ಎಂಬ ಮಾತೂ ಒಂದೇ ಉಸಿರಿನಲ್ಲಿ ಬಂದವು. ಎರಡನೆಯದು, ಕಳುಹಿಸತಕ್ಕದ್ದಕ್ಕೆ ಪಾಲು ಎಂದು ಹೆಸರು. ಪಾಲು ಎಂಬ ಮಾತಿನ ಬೆಲೆಯನ್ನು ಒಕ್ಕಲುಮಕ್ಕಳಾದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ ಪಾಲುಗಾರನು ಕೈಚಾಚಿ ಬೇಡುವದಿಲ್ಲ. ತನ್ನದನ್ನು ತೆಗೆದುಕೊಂಡು ಹೋಗುತ್ತಾನೆ. ದೇವರ ಹಬ್ಬದಲ್ಲಿ ಬಡವನಿಗೆ ಇರುವದು ಭಿಕ್ಷೆಯಲ್ಲ, ಪಾಲು.

ಇನ್ನು ಲೂಕನ ಸುವಾರ್ತೆಯ ವೇದಭಾಗ. ಯೇಸುಸ್ವಾಮಿಯು ಫರಿಸಾಯರ ಮುಖ್ಯಸ್ಥನೊಬ್ಬನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ತನ್ನನ್ನು ಕರೆದವನಿಗೇ ಬುದ್ಧಿ ಹೇಳಿದನು. ಸ್ನೇಹಿತರನ್ನೂ ಬಂಧುಗಳನ್ನೂ ಐಶ್ವರ್ಯವಂತರಾದ ನೆರೆಯವರನ್ನೂ ಕರೆದರೆ ಅವರು ತಿರಿಗಿ ನಿನ್ನನ್ನು ಕರೆದಾರು, ಅಲ್ಲಿಗೆ ಲೆಕ್ಕ ತೀರಿಹೋಗುವದು. ಬಡವರನ್ನೂ ಅಂಗಹೀನರನ್ನೂ ಕುಂಟರನ್ನೂ ಕುರುಡರನ್ನೂ ಕರೆದರೆ ಅವರು ಹಿಂದಕ್ಕೆ ಕೊಡಲಾರರು, ನೀತಿವಂತರ ಪುನರುತ್ಥಾನದಲ್ಲಿ ದೇವರೇ ಅದನ್ನು ಸಲ್ಲಿಸುವನು ಎಂಬದೇ ಆ ಮಾತಿನ ಸಾರ. ಬಂಧುಗಳಿಗೆ ಊಟ ಹಾಕಬಾರದೆಂದು ಇದರ ಅರ್ಥವಲ್ಲ. ಆತನೇ ಬೇಥಾನ್ಯದಲ್ಲಿ ಸ್ನೇಹಿತರ ಮನೆಯಲ್ಲಿ ಉಂಡನಲ್ಲವೋ? ಆದರೆ ಹೋಗಿ ಬರುವ ತಟ್ಟೆಯನ್ನು ಪುಣ್ಯವೆಂದೂ ದಾನವೆಂದೂ ಎಣಿಸಿಕೊಳ್ಳಬಾರದು. ಅದು ಕೊಟ್ಟು ಕೊಳ್ಳುವ ವ್ಯವಹಾರವೇ ಸರಿ.

2. ಭದ್ರಾವತಿಯ ಒಂದು ಮನೆ

ಈ ಪಾಠವನ್ನು ನಾವು ಶಾಲೆಯಲ್ಲಿ ಓದಿ ಕಲಿತದ್ದಕ್ಕಿಂತ ಹೆಚ್ಚಾಗಿ ನಮ್ಮ ತಪ್ಪಿನಿಂದಲೇ ಕಲಿತೆವೆಂದು ಒಪ್ಪಿಕೊಳ್ಳಬೇಕು. ಕೆಲವು ವರುಷಗಳ ಕೆಳಗೆ ನಮ್ಮ ಸಭೆಯ ಒಂದು ಕುಟುಂಬವು ಹಳ್ಳಿಯನ್ನು ಬಿಟ್ಟು ಭದ್ರಾವತಿಯಲ್ಲಿ ಬಾಡಿಗೆ ಮನೆ ಹಿಡಿದಿತ್ತು. ಗಂಡನಿಗಿದ್ದ ಗುತ್ತಿಗೆ ಕೆಲಸವು ನಿಂತುಹೋಗಿ, ಅವನು ಕೂಲಿಯನ್ನು ಹುಡುಕುತ್ತಾ ದೂರದ ಊರಿಗೆ ಹೋಗಿದ್ದನು. ಮನೆಯಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ಇದ್ದರು. ಹಬ್ಬದ ಮರುದಿನ ನಾವು ಶಿವಮೊಗ್ಗದಿಂದ ಬಸ್ಸು ಹತ್ತಿ, ಸುಮಾರು 20 ಕಿಲೋಮೀಟರು ದೂರದ ಆ ಊರಿಗೆ ಹೋಗಿ, ದೊಡ್ಡ ಸ್ಟೀಲಿನ ತಟ್ಟೆಯಲ್ಲಿ ತಿಂಡಿಗಳನ್ನು ಕೊಟ್ಟು ಪ್ರಾರ್ಥನೆ ಮಾಡಿ ಬಂದೆವು. ಹೊರಡುವಾಗ ಆ ತಾಯಿಯು ತಟ್ಟೆಯನ್ನು ತೊಳೆದು, ಒರಸಿ, ಅದರಲ್ಲಿ ಎರಡು ಹಿಡಿ ಸಕ್ಕರೆಯನ್ನು ಹಾಕಿ ನಮಗೆ ಕೊಟ್ಟಳು. ಮರ್ಯಾದೆಯುಳ್ಳ ಮನೆ ಎಂದು ನಾವು ಸಂತೋಷಪಟ್ಟೆವು.

ಮುಂದಿನ ವರುಷ ಹಬ್ಬಕ್ಕೆ ಮುಂಚೆ ಅವಳನ್ನು ಕಂಡಾಗ ಅವಳು ತಲೆತಗ್ಗಿಸಿಕೊಂಡು, "ಅಯ್ಯನವರೇ, ಈ ಸಾರಿ ನಮ್ಮ ಮನೆಗೆ ತಟ್ಟೆ ತರಬೇಡಿರಿ" ಅಂದಳು.

"ಯಾಕಮ್ಮಾ, ಏನಾದರೂ ಬೇಸರವಾಯಿತೋ?" ಎಂದು ಕೇಳಿದೆವು.

"ಬೇಸರವಲ್ಲ, ಅಯ್ಯನವರೇ. ಬರಿದು ತಟ್ಟೆ ಕೊಡುವದಕ್ಕೆ ನನಗೆ ಕೈ ಬರುವದಿಲ್ಲ. ಹೋದ ಹಬ್ಬದಲ್ಲಿ ನಾಲ್ಕು ತಟ್ಟೆ ಬಂದವು. ನಾಲ್ಕಕ್ಕೂ ಸಕ್ಕರೆ ಹಾಕಬೇಕೆಂದು ಅಂಗಡಿಯಲ್ಲಿ ಸಾಲ ಬರೆಯಿಸಿದೆನು."

ಆ ಮಾತನ್ನು ಕೇಳಿ ನಾವು ಸುಮ್ಮನೆ ನಿಂತೆವು. ಅವಳ ಮಕ್ಕಳ ಬಾಯಿಗೆ ನಾವು ಇಟ್ಟ ಸಿಹಿಯು ಅವಳ ಹೆಸರಿನಲ್ಲಿ ಅಂಗಡಿಯವನ ಪುಸ್ತಕದಲ್ಲಿ ಸಾಲವಾಗಿ ನಿಂತಿತ್ತು. ನಾವು ಪಾಲು ಕೊಟ್ಟೆವೆಂದು ತಿಳಿದು ಹೊರೆಯನ್ನು ಕೊಟ್ಟು ಬಂದಿದ್ದೆವು.

ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ನಾಡಿನ ಎಲ್ಲಾ ಜಾತಿಮತಗಳವರಲ್ಲಿಯೂ ಇರುವ ರೂಢಿ. ಅದನ್ನು ಹೀಯಾಳಿಸಬಾರದು, ಅದರಲ್ಲಿ ಮಾನವೂ ಪ್ರೀತಿಯೂ ಉಂಟು. ಇದ್ದವರ ನಡುವೆ ಅದು ಹಬ್ಬಕ್ಕೆ ಅಂದ. ಆದರೆ ಇಲ್ಲದವರ ಮನೆಯ ಬಾಗಿಲಲ್ಲಿ ಅದೇ ರೂಢಿಯು ತೆರಿಗೆಯಾಗುವದು. ಹೀಗಿರುವಲ್ಲಿ, ತಟ್ಟೆಯೇ ಇಲ್ಲದೆ, ಕಾಗದದಲ್ಲಿ ಸುತ್ತಿ ಕೊಡಬಹುದಾದಂಥ, ಆ ದಿನವೇ ತಿನ್ನಬೇಕಾಗಿಲ್ಲದಂಥ, ನಮ್ಮ ಕೈಯಿಂದಲೇ ಮಾಡಿದಂಥ ಒಂದು ತಿಂಡಿ ಯಾವದೆಂದು ನಮ್ಮ ಮನೆಯವರೂ ನಾವೂ ಯೋಚಿಸಿದೆವು. ಆ ಯೋಚನೆಯಲ್ಲಿಯೇ ಎರಡು ಸಾರಿ ಬೇಯಿಸುವ ಬಿಸ್ಕತ್ತು ನಮ್ಮ ಅಡುಗೆಮನೆಗೆ ಬಂತು.

3. ಎರಡು ಸಾರಿ ಬೆಂದ ರೊಟ್ಟಿ

ಬಿಸ್ಕತ್ತು ಎಂಬ ಮಾತಿನ ಮೂಲವು ಲತೀನ್ ಭಾಷೆಯಲ್ಲಿದೆ. ಅದರ ಅರ್ಥವು ಎರಡು ಸಾರಿ ಬೆಂದದ್ದು ಎಂಬದೇ. ರೊಟ್ಟಿಯನ್ನು ಒಂದು ಸಾರಿ ಬೇಯಿಸಿದರೆ ಹೊರಗೆ ಗಟ್ಟಿಯಾಗಿದ್ದರೂ ಒಳಗೆ ತೇವ ಉಳಿದಿರುವದು. ಆ ತೇವದಿಂದಲೇ ಬೂಷ್ಟು ಹಿಡಿಯುವದು. ಬೆಂದದ್ದನ್ನು ಹೋಳುಮಾಡಿ ತಿರಿಗಿ ಬೆಂಕಿಯ ಮುಂದಿಟ್ಟರೆ ಒಳಗಿನ ನೀರು ಹೊರಟುಹೋಗಿ ಅದು ಅನೇಕ ವಾರಗಳ ವರೆಗೆ ಕೆಡದೆ ಉಳಿಯುವದು. ಹಿಂದಿನ ಕಾಲದ ಹಡಗಿನವರೂ ದಂಡಿನವರೂ ಇಂಥ ಒಣರೊಟ್ಟಿಯನ್ನು ಮೂಟೆಕಟ್ಟಿಕೊಂಡು ದೂರಪ್ರಯಾಣ ಮಾಡುತ್ತಿದ್ದರು. ಇಟಲಿ ದೇಶದವರು ಇದನ್ನು ಬಿಸ್ಕೊತ್ತಿ ಎಂದು ಕರೆಯುವರು. ಆ ದೇಶದ ಪ್ರಾತೋ ಎಂಬ ಪಟ್ಟಣದಲ್ಲಿ ಬಾದಾಮಿ ಹಾಕಿ ಮಾಡುವ ಬಿಸ್ಕೊತ್ತಿ ಹೆಸರುವಾಸಿಯಾದದ್ದು. ಅಲ್ಲಿ ಅಂತೋನಿಯೋ ಮತ್ತೇಯಿ ಎಂಬವನು 1858ರಲ್ಲಿ ತೆರೆದ ಅಂಗಡಿಯು ಈಗಲೂ ನಡೆಯುತ್ತಿದೆ.

ಇದು ಪರದೇಶದವರ ತಿಂಡಿ, ನಮಗೆ ಯಾಕೆ ಎಂದು ಯಾರೂ ಹೇಳಬೇಕಾಗಿಲ್ಲ. ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ರಸ್ಕು ಎಂಬುದು ಇದರ ಒಡಹುಟ್ಟೇ. ಹಾಸನದ ಸೀಮೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಎಂಬವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿಯನ್ನು ತೆರೆದರು. ಅಂಥ ಅಯ್ಯಂಗಾರ್ ಬೇಕರಿಗಳು ಈಗ ಶಿವಮೊಗ್ಗ ಭದ್ರಾವತಿಗಳಲ್ಲಿಯೂ ಕಾಣುವವು. ಕೋಳಿಮೊಟ್ಟೆಯನ್ನು ಮುಟ್ಟದ ಮನೆಯವರು ಮೊಟ್ಟೆಯಿಲ್ಲದೆಯೇ ರೊಟ್ಟಿ ಬಿಸ್ಕತ್ತುಗಳನ್ನು ಮಾಡಿ ನಾಡಿಗೆಲ್ಲಾ ಉಣಿಸಿದರು. ಪರದೇಶದ ಕೆಲಸವು ನಮ್ಮವರ ಕೈಯಲ್ಲಿ ನಮ್ಮ ನಡತೆಗೆ ತಕ್ಕ ಹಾಗೆ ಮಾರ್ಪಟ್ಟದ್ದಕ್ಕೆ ಇದು ಒಳ್ಳೆಯ ಸಾಕ್ಷಿ.

ಭದ್ರಾವತಿಯವರಿಗೆ ಎರಡು ಬೆಂಕಿಯ ಮಾತು ಹೊಸದೇನೂ ಅಲ್ಲ. ಆ ಊರಿನ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದಾಗ, ಮಲೆನಾಡಿನ ಕಾಡಿನ ಕಟ್ಟಿಗೆಯನ್ನು ಹಸಿಯಾಗಿಯೇ ಕುಲುಮೆಗೆ ಹಾಕುತ್ತಿರಲಿಲ್ಲ. ಮೊದಲು ಅದನ್ನು ಗಾಳಿ ತಾಕದಂತೆ ಮುಚ್ಚಿ ಕಾಯಿಸಿ, ಅದರ ನೀರನ್ನೂ ಹೊಗೆಯನ್ನೂ ತೆಗೆದು, ಇದ್ದಲುಮಾಡುತ್ತಿದ್ದರು. ಅನಂತರವೇ ಆ ಇದ್ದಲು ದೊಡ್ಡ ಕುಲುಮೆಯಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುತ್ತಿತ್ತು. ಒಂದನೆಯ ಬೆಂಕಿಯನ್ನು ಕಾಣದ ಕಟ್ಟಿಗೆಯು ಎರಡನೆಯ ಬೆಂಕಿಯ ಕೆಲಸಕ್ಕೆ ಬಾರದು. ಈ ಮಾತನ್ನು ಮನಸ್ಸಿನಲ್ಲಿಡಿರಿ. ಪಾಠದ ಕಡೆಯಲ್ಲಿ ತಿರಿಗಿ ಇದಕ್ಕೆ ಬರುವೆವು.

4. ಮಾಡುವ ಕ್ರಮ

ಇದನ್ನು ಮಾಡುವದಕ್ಕೆ ಬೇಕರಿಯ ಗೂಡು ಬೇಕಾಗಿಲ್ಲ. ದಪ್ಪ ತಳದ ಅಗಲವಾದ ಪಾತ್ರೆಯಲ್ಲಿ ತೊಳೆದು ಒಣಗಿಸಿದ ಮರಳನ್ನು ಎರಡು ಬೆರಳು ಎತ್ತರಕ್ಕೆ ಹರಡಿ, ಅದರ ಮೇಲೆ ಕಬ್ಬಿಣದ ಸಿಂಬಿಯನ್ನಿಟ್ಟು, ಮುಚ್ಚಳ ಹಾಕಿ, ಕಾಲು ಗಂಟೆ ಕಾಯಿಸಬೇಕು. ಸೌದೆಯ ಒಲೆಯವರು ಮುಚ್ಚಳದ ಮೇಲೆಯೂ ಸ್ವಲ್ಪ ಕೆಂಡವನ್ನಿಟ್ಟರೆ ಮೇಲುಗಡೆಯೂ ಚೆನ್ನಾಗಿ ಬೇಯುವದು. ಗ್ಯಾಸಿನ ಒಲೆಯ ಮೇಲೆ ಕುಕ್ಕರಿನಲ್ಲಿ ಮಾಡುವವರು ಅದರ ರಬ್ಬರನ್ನೂ ಸೀಟಿಯನ್ನೂ ತಪ್ಪದೆ ತೆಗೆದಿಡಬೇಕು, ನೀರು ಹಾಕಬಾರದು, ಉರಿ ಸಣ್ಣದಾಗಿರಬೇಕು. ವಿದ್ಯುತ್ತಿನ ಓವನ್ ಇದ್ದವರು ಮೊದಲನೆಯ ಸಾರಿ 175 ಡಿಗ್ರಿ ಸೆಲ್ಸಿಯಸ್, ಎರಡನೆಯ ಸಾರಿ 150 ಡಿಗ್ರಿ ಶಾಖವನ್ನು ಇಡಲಿ.

ಮೊಟ್ಟೆ ಹಾಕುವ ಬಗೆಗೆ ಬೇಕಾದದ್ದು: ಮೈದಾ 250 ಗ್ರಾಂ (ಅರ್ಧ ಭಾಗ ಗೋಧಿಹಿಟ್ಟನ್ನೂ ಹಾಕಬಹುದು), ಪುಡಿಮಾಡಿದ ಸಕ್ಕರೆ 150 ಗ್ರಾಂ, ಕೋಳಿಮೊಟ್ಟೆ 2, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ 100 ಗ್ರಾಂ, ಬೇಕಿಂಗ್ ಪೌಡರ್ 1 ಚಮಚ, ಸೋಂಪು 1 ಚಮಚ, ನಾಲ್ಕು ಏಲಕ್ಕಿಯ ಪುಡಿ, ಒಂದು ಚಿಟಿಕೆ ಉಪ್ಪು. ಚಮಚವೆಂದರೆ ಚಹಾದ ಸಣ್ಣ ಚಮಚ. ಬಾದಾಮಿ ಇದ್ದವರು ಬಾದಾಮಿ ಹಾಕಲಿ. ಇಲ್ಲದವರಿಗೆ ಕಡಲೆಕಾಯಿ ಸಾಕು. ಕಹಿಯಾದ, ಸುಕ್ಕಿದ, ಬೂಷ್ಟು ಹಿಡಿದ ಬೀಜಗಳನ್ನು ಆರಿಸಿ ಎಸೆಯಬೇಕು.

ಮೊಟ್ಟೆ ಇಲ್ಲದ ಬಗೆಗೆ ಬೇಕಾದದ್ದು: ಹಿಟ್ಟು ಅಷ್ಟೇ, ಸಕ್ಕರೆ 120 ಗ್ರಾಂ, ಬೆಣ್ಣೆ ಅಥವಾ ತುಪ್ಪ 60 ಗ್ರಾಂ, ಹಾಲು ಸುಮಾರು 100 ಮಿಲಿಲೀಟರು, ಬೇಕಿಂಗ್ ಪೌಡರ್ ಒಂದೂವರೆ ಚಮಚ; ಮಿಕ್ಕದ್ದೆಲ್ಲಾ ಮೇಲಿನಂತೆಯೇ. ಹಾಲನ್ನು ಒಂದೇ ಸಾರಿ ಸುರಿಯದೆ ಹಿಟ್ಟು ಕೂಡಿಕೊಳ್ಳುವಷ್ಟು ಮಾತ್ರ ಸೇರಿಸಬೇಕು.

ಹಿಟ್ಟಿಗೆ ಬೇಕಿಂಗ್ ಪೌಡರನ್ನೂ ಉಪ್ಪನ್ನೂ ಸೇರಿಸಿ ಜರಡಿ ಹಿಡಿಯಿರಿ. ಮೊಟ್ಟೆಯನ್ನೂ ಸಕ್ಕರೆಯನ್ನೂ ನೊರೆ ಬರುವ ತನಕ ಕಡೆದು ಹಿಟ್ಟಿಗೆ ಹಾಕಿ, ಬೀಜಗಳನ್ನೂ ಸೋಂಪು ಏಲಕ್ಕಿಗಳನ್ನೂ ಕೂಡಿಸಿರಿ. ಮೊಟ್ಟೆ ಇಲ್ಲದ ಬಗೆಯಲ್ಲಿ ಬೆಣ್ಣೆಯನ್ನೂ ಸಕ್ಕರೆಯನ್ನೂ ಕಲಸಿ, ಹಿಟ್ಟು ಬೆರಸಿ, ಆಮೇಲೆ ಹಾಲು ಹಾಕಿರಿ. ಚಪಾತಿಯ ಹಿಟ್ಟಿನಂತೆ ಬಹಳವಾಗಿ ನಾದಬಾರದು. ನಾದಿದರೆ ಬಿಸ್ಕತ್ತು ಕಲ್ಲಾಗುವದು. ಕೈಗೆ ಸ್ವಲ್ಪ ಹಿಟ್ಟು ಸವರಿಕೊಂಡು, ಅದನ್ನು ಎರಡು ಪಾಲುಮಾಡಿ, ಒಂದು ಗೇಣು ಉದ್ದ, ಮೂರು ಬೆರಳು ಅಗಲದ ದಿಮ್ಮಿಗಳಾಗಿ ತಟ್ಟಿ, ಎಣ್ಣೆ ಸವರಿದ ತಟ್ಟೆಯ ಮೇಲಿಟ್ಟು ಬೇಯಿಸಿರಿ. ಅರ್ಧ ಗಂಟೆಯಲ್ಲಿ ಅದು ಉಬ್ಬಿ, ಮೇಲೆ ಬಿರುಕು ಬಿಟ್ಟು, ಹೊಂಬಣ್ಣಕ್ಕೆ ಬರುವದು. ಮರಳಿನ ಪಾತ್ರೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು.

ಇಲ್ಲಿ ಅವಸರಪಡುವವರು ಕೆಡಿಸಿಕೊಳ್ಳುವರು. ದಿಮ್ಮಿಯನ್ನು ಹೊರಗೆ ತೆಗೆದು ಕಾಲು ಗಂಟೆ ಆರಗೊಡಿಸಿರಿ. ಬಿಸಿಯಾಗಿರುವಾಗಲೇ ಕೊಯ್ದರೆ ಪುಡಿಯಾಗುವದು. ಪೂರಾ ತಣ್ಣಗಾದ ಮೇಲೆ ಕೊಯ್ದರೆ ಒಡೆಯುವದು. ಹರಿತವಾದ ಚೂರಿಯಿಂದ ಓರೆಯಾಗಿ, ಬೆರಳು ದಪ್ಪದ ಹೋಳುಗಳನ್ನು ಕೊಯ್ದು, ಕೊಯ್ದ ಮುಖವು ಮೇಲೆ ಬರುವಂತೆ ಮಲಗಿಸಿ, ಒಂದೊಂದು ಪಕ್ಕಕ್ಕೆ ಹತ್ತು ನಿಮಿಷದಂತೆ ಸಣ್ಣ ಶಾಖದಲ್ಲಿ ತಿರಿಗಿ ಬೇಯಿಸಿರಿ. ಒಂದು ಹೋಳನ್ನು ತಣಿಸಿ ಮುರಿದು ನೋಡಿದರೆ ಸದ್ದಿನಿಂದಲೇ ತಿಳಿಯುವದು: ಟಕ್ಕೆಂದು ಮುರಿದರೆ ಆಯಿತು, ಬಾಗಿದರೆ ಇನ್ನೂ ಆಗಲಿಲ್ಲ.

ಮೊದಲನೆಯ ವರುಷ ನಾವು ಮಾಡಿದ ತಪ್ಪನ್ನು ಹೇಳುವೆವು, ನೀವು ಅದನ್ನು ಮಾಡದಿರಲಿಕ್ಕಾಗಿ. ರಾತ್ರಿ ಬೇಯಿಸಿ, ಬೆಳಗಿನ ಬಸ್ಸಿಗೆ ಕಳುಹಿಸಬೇಕೆಂಬ ಆತುರದಿಂದ ಬಿಸಿ ಹೋಳುಗಳನ್ನೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆವು. ಹೊರಬಂದ ಉಗಿಯು ಮುಚ್ಚಳದಲ್ಲಿ ಹನಿಗಟ್ಟಿ ಕೆಳಕ್ಕೆ ಇಳಿಯಿತು. ಐದಾರು ದಿವಸಗಳ ಮೇಲೆ ಡಬ್ಬಿಯನ್ನು ತೆರೆದ ಮನೆಯವರಿಗೆ ಸಿಕ್ಕಿದ್ದು ಬೂಷ್ಟು. ಅದಲ್ಲದೆ ಆ ಸಾರಿ ಸಕ್ಕರೆಗೆ ಬದಲಾಗಿ ಬೆಲ್ಲವನ್ನು ಹಾಕಿದ್ದೆವು. ಬೆಲ್ಲವು ಗಾಳಿಯ ತೇವವನ್ನು ಎಳೆದುಕೊಳ್ಳುವದರಿಂದ ಬಹುದಿನ ಇಡುವ ಬಿಸ್ಕತ್ತಿಗೆ ಅದು ತಕ್ಕದ್ದಲ್ಲ. ಮನೆಯಲ್ಲಿಯೇ ಎರಡು ಮೂರು ದಿನಗಳಲ್ಲಿ ತಿನ್ನುವದಕ್ಕಾದರೆ ಬೆಲ್ಲದ ರುಚಿ ಬಹಳ ಚೆನ್ನು. ಕಳುಹಿಸತಕ್ಕವುಗಳನ್ನು ಬಟ್ಟೆಯ ಮೇಲೆ ಹರಡಿ ಕೈಗೆ ಸ್ವಲ್ಪವೂ ಬೆಚ್ಚಗೆ ತೋರದಷ್ಟು ತಣಿಸಿಯೇ ಮುಚ್ಚಬೇಕು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮೊಟ್ಟೆಯ ಬಗೆಯು ಮೂರು ವಾರ ಇರುವದು. ಬೆಣ್ಣೆಯ ಬಗೆಯನ್ನು ಎರಡು ವಾರಗಳೊಳಗೆ ತಿಂದು ಮುಗಿಸುವದು ಒಳ್ಳೆಯದು, ಯಾಕಂದರೆ ಬೆಣ್ಣೆಗೆ ಕಮಟು ಬರುವದು.

5. ಕಳುಹಿಸುವ ಕ್ರಮ

ಮೊದಲು, ಕಾಗದದಲ್ಲಿ ಹತ್ತು ಹನ್ನೆರಡು ಹೋಳುಗಳಂತೆ ಕಟ್ಟು ಕಟ್ಟಿ ದಾರ ಸುತ್ತಿರಿ. ಅಚ್ಚಿನ ಮಸಿಯಿರುವ ವೃತ್ತಾಂತಪತ್ರಿಕೆಯ ಕಾಗದವು ತಿಂಡಿಗೆ ತಾಕಬಾರದು. ಶುದ್ಧವಾದ ಬಿಳಿಯ ಕಾಗದವನ್ನು ಉಪಯೋಗಿಸಿರಿ. ತಟ್ಟೆಯೂ ಬೇಡ, ಡಬ್ಬಿಯೂ ಬೇಡ. ಹಿಂದಕ್ಕೆ ಕೊಡತಕ್ಕ ಪಾತ್ರೆ ಯಾವದೂ ಆ ಮನೆಯಲ್ಲಿ ಉಳಿಯದಿರಲಿ. ಎಲ್ಲಾ ಮನೆಗಳಿಗೂ, ಇದ್ದವರಿಗೂ ಇಲ್ಲದವರಿಗೂ, ಒಂದೇ ವಿಧವಾದ ಕಟ್ಟು ಹೋಗಲಿ. ಬಡವರಿಗೆ ಕಾಗದ, ದೊಡ್ಡವರಿಗೆ ತಟ್ಟೆ ಎಂದು ಬೇರೆ ಮಾಡಿದರೆ ಒಂದು ಹೊರೆಯನ್ನು ತೆಗೆದು ಇನ್ನೊಂದು ಅವಮಾನವನ್ನು ಹೊರಿಸಿದಂತಾಗುವದು.

ಎರಡನೆಯದಾಗಿ, ಮೊಟ್ಟೆ ಇದೆಯೋ ಇಲ್ಲವೋ ಎಂಬದನ್ನು ಕಟ್ಟಿನ ಮೇಲೆ ಬರೆಯಿರಿ, ಬಾಯಿಂದಲೂ ಹೇಳಿರಿ. ನಮ್ಮ ನೆರೆಯವರಲ್ಲಿ ಮೊಟ್ಟೆ ತಿನ್ನದವರು ಅನೇಕರುಂಟು. ತಿಳಿಸದೆ ತಿನ್ನಿಸಿ ಆಮೇಲೆ ನಗುವದು ಕ್ರೈಸ್ತನಿಗೆ ತಕ್ಕದ್ದಲ್ಲ. ತನ್ನ ಆಹಾರದಿಂದ ಸಹೋದರನು ಎಡವುವದಾದರೆ ತಾನು ಅದನ್ನು ಬಿಟ್ಟುಬಿಡುವೆನೆಂದು ಪೌಲನು ಕೊರಿಂಥದವರಿಗೆ ಬರೆದನು (1 ಕೊರಿಂಥ 8). ಇನ್ನು, ನಮ್ಮ ಒಲೆಯ ಮೇಲೆ ಬೆಂದ ಯಾವದನ್ನೂ ತೆಗೆದುಕೊಳ್ಳದ ನೆರೆಯವರೂ ಕೆಲವರು ಇದ್ದಾರೆ. ಅದು ಮನಸ್ಸಿಗೆ ನೋವು ತರುವದು ನಿಜವೇ, ನೋವಿಲ್ಲವೆಂದು ನಟಿಸಬೇಕಾಗಿಲ್ಲ. ಆದರೂ ಅವರ ಮನೆಯನ್ನು ಬಿಟ್ಟುಬಿಡದೆ, ಬಾಳೆಹಣ್ಣನ್ನೋ ಹೂವನ್ನೋ ಒಯ್ದು ಹಬ್ಬದ ಒಳ್ಳೆಯ ಮಾತನ್ನು ಹೇಳಿಬನ್ನಿರಿ. ಬಾಗಿಲನ್ನು ಮುಚ್ಚಿದವರು ನಾವಾಗಿರಬಾರದು.

ಮೂರನೆಯದನ್ನು ಹೇಳುವದು ಕಷ್ಟವಾದರೂ ಹೇಳದೆ ಬಿಡಲಾರೆವು. ನೆರೆಯವರು ನಮ್ಮ ತಟ್ಟೆಯನ್ನು ಮುಟ್ಟುವದಿಲ್ಲವೆಂದು ದುಃಖಪಡುವ ನಮ್ಮ ಸಭೆಗಳೊಳಗೇ, ಒಂದು ಬೀದಿಯಿಂದ ಇನ್ನೊಂದು ಬೀದಿಗೆ ದಾಟದ ತಟ್ಟೆಗಳುಂಟು. ಇವರು ಯಾವ ಕುಲದಿಂದ ಬಂದವರು, ಅವರು ಯಾವ ಕುಲದಿಂದ ಬಂದವರು ಎಂಬ ಹಳೆಯ ಲೆಕ್ಕವು ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗದೆ ಅಡುಗೆಮನೆಯ ಮೂಲೆಯಲ್ಲಿ ಅಡಗಿಕೊಂಡಿರುವದು. ಒಂದೇ ರೊಟ್ಟಿಯನ್ನು ಮುರಿದು ಕರ್ತನ ಮೇಜಿನಲ್ಲಿ ತಿಂದವರು ಮನೆಗೆ ಬಂದು ಒಬ್ಬರ ಚಕ್ಕುಲಿಯನ್ನು ಮತ್ತೊಬ್ಬರು ಮೂಸಿನೋಡಿ ಇಡುವದು ಎಂಥದು? ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಸಂಗಡ ಊಟಮಾಡುತ್ತಿದ್ದು, ಯೆರೂಸಲೇಮಿನಿಂದ ಕೆಲವರು ಬಂದಾಗ ಭಯಪಟ್ಟು ಹಿಂದೆ ಸರಿದನು. ಪೌಲನು ಅವನನ್ನು ಎಲ್ಲರ ಮುಂದೆ ಎದುರಿಸಿದನು (ಗಲಾತ್ಯ 2). ಅಪೊಸ್ತಲನಾದ ಪೇತ್ರನಿಗೇ ಆ ಮಾತು ಬೇಕಾಗಿದ್ದರೆ ನಮಗೆ ಬೇಡವೋ? ಈ ವರುಷದ ಮೊದಲನೆಯ ಕಟ್ಟು ಇದುವರೆಗೆ ನಿಮ್ಮ ತಟ್ಟೆ ಹೋಗದ ಕ್ರೈಸ್ತ ಮನೆಗೆ ಹೋಗಲಿ. ಅವರು ಕೊಟ್ಟದ್ದನ್ನು ಅಲ್ಲಿಯೇ, ಅವರ ಎದುರಿನಲ್ಲಿಯೇ ತಿಂದು ಬನ್ನಿರಿ.

6. ಎರಡನೆಯ ಬೆಂಕಿ

ಇದ್ದಲಿನ ಮಾತಿಗೆ ತಿರಿಗಿ ಬಂದೆವು. ಒಣರೊಟ್ಟಿಯನ್ನು ಕುರಿತು ಸತ್ಯವೇದದಲ್ಲಿ ಒಂದು ವಿಚಿತ್ರವಾದ ಕಥೆಯುಂಟು. ಗಿಬ್ಯೋನಿನವರು ಹತ್ತಿರದವರಾಗಿದ್ದರೂ ದೂರದೇಶದಿಂದ ಬಂದವರೆಂದು ಯೆಹೋಶುವನನ್ನು ನಂಬಿಸುವದಕ್ಕಾಗಿ ಒಣಗಿ ಬೂಷ್ಟು ಹಿಡಿದ ರೊಟ್ಟಿಯನ್ನು ತೋರಿಸಿದರು (ಯೆಹೋಶುವ 9). ರೊಟ್ಟಿ ಒಣಗಿದ್ದು ನಿಜವಾದರೂ ತಂದವರ ಮನಸ್ಸಿನಲ್ಲಿ ಮೋಸವಿತ್ತು. ನಾವು ಕೊಡುವ ಕಾಣಿಕೆಗಳೂ ಹೀಗೆಯೇ ಹೊರಗೆ ಗರಿಗರಿಯಾಗಿ ಒಳಗೆ ತೇವವಾಗಿ ಇರಬಹುದು. ಹೊಗಳಿಕೆಯ ಆಶೆ ಒಂದು ತೇವ; ಅವರು ನಮಗೆ ಋಣಿಗಳಾಗಿರಲೆಂಬ ಬಯಕೆ ಇನ್ನೊಂದು; ಕೊಟ್ಟದ್ದನ್ನು ಸಭೆಯಲ್ಲಿ ಹೇಳಿಕೊಳ್ಳುವ ಚಪಲ ಮತ್ತೊಂದು. ಭದ್ರಾವತಿಯ ಆ ಮನೆಯಲ್ಲಿ ತಟ್ಟೆಗೆ ಸಕ್ಕರೆ ಬಂದಾಗ ಸಂತೋಷಪಟ್ಟೆವಲ್ಲಾ, ಆ ಸಂತೋಷದಲ್ಲಿ ಇಂಥ ತೇವವು ಇರಲಿಲ್ಲವೆಂದು ನಾವು ಎದೆಮುಟ್ಟಿ ಹೇಳಲಾರೆವು. ಕೊಡುವ ಮನಸ್ಸನ್ನು ಹೋಳುಮಾಡಿ, ಒಳಗನ್ನು ಮೇಲುಮಾಡಿ, ತಿರಿಗಿ ಒಂದು ಸಾರಿ ದೇವರ ಮುಂದಿಡಬೇಕು. ಎಡಗೈಗೆ ತಿಳಿಯದ ಹಾಗೆ ಬಲಗೈ ಕೊಡಲಿ ಎಂದು ಕರ್ತನು ಬೆಟ್ಟದ ಮೇಲೆ ಕಲಿಸಿದ್ದು ಈ ಎರಡನೆಯ ಬೆಂಕಿಯೇ.

ಹಾಗಾದರೆ ಬಡವರು ಯಾವಾಗಲೂ ತೆಗೆದುಕೊಳ್ಳುವವರಾಗಿಯೇ ಇರಬೇಕೋ? ಇಲ್ಲ. ಚಾರೆಪ್ತದ ವಿಧವೆಯ ಮನೆಯಲ್ಲಿ ಒಂದು ಹಿಡಿ ಹಿಟ್ಟೂ ಸ್ವಲ್ಪ ಎಣ್ಣೆಯೂ ಮಾತ್ರವೇ ಇದ್ದಾಗ ದೇವರು ಪ್ರವಾದಿಯನ್ನು ಅವಳ ಬಾಗಿಲಿಗೇ ಕಳುಹಿಸಿದನು; ಅವಳ ಕೈಯ ರೊಟ್ಟಿಯನ್ನೇ ಕೇಳಿಸಿದನು (1 ಅರಸುಗಳು 17). ಕೊಡುವ ಮಾನವನ್ನು ದೇವರು ಬಡವರಿಂದ ಕಿತ್ತುಕೊಳ್ಳುವದಿಲ್ಲ. ಆದಕಾರಣ ಆ ತಾಯಿಯು ಬರಿದು ತಟ್ಟೆ ಕೊಡಲಾರೆನೆಂದದ್ದು ಗರ್ವವಲ್ಲವೆಂದು ನಮಗೆ ತಿಳಿಯಿತು. ಮರುವರುಷ ನಾವು ಅವಳನ್ನು, "ಅಮ್ಮಾ, ದಿಮ್ಮಿ ಕೊಯ್ಯುವದಕ್ಕೆ ನಮ್ಮ ಕೈ ನಡುಗುವದು, ನೀವು ಬಂದು ಸಹಾಯಮಾಡಬೇಕು" ಎಂದು ಕರೆದೆವು. ಅವಳು ಮಕ್ಕಳನ್ನು ಕರಕೊಂಡು ಬಂದು, ಒಂದು ಇಡೀ ಮಧ್ಯಾಹ್ನ ಒಂದು ಹೋಳೂ ಒಡೆಯದಂತೆ ಕೊಯ್ದುಕೊಟ್ಟಳು. ಮಕ್ಕಳು ದಾರ ಸುತ್ತಿದರು. ಹೊರಡುವಾಗ ಅವಳಿಗೆಂದು ನಾವು ಎರಡು ಕಟ್ಟು ಇಟ್ಟೆವು. ಅವಳು ಒಂದನ್ನು ತೆಗೆದುಕೊಂಡು, ಇನ್ನೊಂದನ್ನು ಎತ್ತಿಹಿಡಿದು, "ಅಯ್ಯನವರೇ, ನಮ್ಮ ಸಾಲಿನ ಕಡೆಯ ಮನೆಯಲ್ಲಿ ಒಬ್ಬ ಮುದುಕಿ ಒಬ್ಬಳೇ ಇದ್ದಾಳೆ. ಇದನ್ನು ಆಕೆಗೆ ಕೊಡುವೆನು" ಅಂದಳು.

ಆ ವರುಷ ನಮಗೆ ಯಾವ ತಟ್ಟೆಯೂ ಹಿಂದಿರುಗಲಿಲ್ಲ. ಕೊಟ್ಟದ್ದು ಮುಂದಿನ ಮನೆಗೆ ಹೋಗಿತ್ತು.

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ನೆಹೆಮೀಯನ ಕಾಲದಲ್ಲಿ ಜನರಿಗೆ ಹೇಳಲ್ಪಟ್ಟ ಮೂರು ಮಾತುಗಳು ಯಾವವು? ಪಾಲಿಗೂ ಭಿಕ್ಷೆಗೂ ಇರುವ ಭೇದವೇನು?
2. ಹಿಂದಕ್ಕೆ ಕೊಡಲಾರದವರನ್ನು ಕರೆಯಬೇಕೆಂದು ಯೇಸುಸ್ವಾಮಿಯು ಯಾಕೆ ಹೇಳಿದನು?
3. ಹೋದ ಹಬ್ಬದಲ್ಲಿ ನಮ್ಮ ತಟ್ಟೆ ಯಾವ ಮನೆಗಳಿಗೆ ಹೋಯಿತು? ಯಾವ ಮನೆಯನ್ನು ಬಿಟ್ಟಿತು? ಬಿಟ್ಟದ್ದಕ್ಕೆ ಕಾರಣವೇನು?
4. ನಮ್ಮ ಸಭೆಯಲ್ಲಿ ಕೆಲಸವಿಲ್ಲದೆ, ಒಂಟಿಯಾಗಿ, ಅಥವಾ ರೋಗದಲ್ಲಿ ಈ ಹಬ್ಬವನ್ನು ಕಳೆಯುವವರು ಯಾರು? ಅವರು ಕೂಡ ಕೊಡುವವರಾಗುವಂತೆ ಯಾವ ಕೆಲಸಕ್ಕೆ ಅವರನ್ನು ಕರೆಯಬಹುದು?

ಪ್ರಾರ್ಥನೆ

ಕರ್ತನೇ, ಹಿಂದಕ್ಕೆ ಏನನ್ನೂ ಕೊಡಲಾರದ ನಮಗೆ ನಿನ್ನ ಕುಮಾರನನ್ನೇ ಕೊಟ್ಟಿದ್ದೀ. ನಮ್ಮ ಒಲೆಯನ್ನೂ ಕೈಗಳನ್ನೂ ಆಶೀರ್ವದಿಸು. ನಮ್ಮ ಕಾಣಿಕೆಯು ಯಾರಿಗೂ ಸಾಲವಾಗದಿರಲಿ. ನಮ್ಮ ಬಾಗಿಲು ಯಾರಿಗೂ ಮುಚ್ಚದಿರಲಿ. ನಮ್ಮ ಒಳಗಿನ ತೇವವನ್ನು ನಿನ್ನ ಆತ್ಮನ ಬೆಂಕಿಯಿಂದ ಒಣಗಿಸು. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.